ನೀರು ಇಳಿದ ಮೂರನೆಯ ದಿನ

ಗದ್ದೆಯಲ್ಲಿದ್ದ ಊರದೇವಿ ಠಾಕುರಾಣಿಯ ಕಲ್ಲಿನ ಬುಡದಲ್ಲಿ ಹಸಿರು ಕಂಡಾಗ ಸೇಬತಿ ಮಲ್ಲಿಕ್ ಮೊದಲು ಅದನ್ನು ಕಳೆ ಎಂದುಕೊಂಡಳು. ಬಗ್ಗಿ ಒಂದು ಬುಡ ಕಿತ್ತಳು. ಕೊಳೆತು ಕಂದಾದ ಗರಿಗಳ ನಡುವಿನಿಂದ ಬೆರಳುದ್ದದ ಹೊಸ ಸುಳಿ ಎದ್ದಿತ್ತು. ಬುಡ ಬೆಳ್ಳಗೆ, ಗಟ್ಟಿಯಾಗಿತ್ತು. ಭತ್ತ. ಅವಳೇ ನೆಟ್ಟ ಭತ್ತ. ಸೇಬತಿ ಅಲ್ಲೇ ಕೆಸರಿನಲ್ಲಿ ಕುಳಿತಳು.

ದೇವಿಯ ಕಲ್ಲಿನ ಸುತ್ತ ಒಂದು ಮಾರು ನೆಲಕ್ಕೆ ಆ ಊರಿನಲ್ಲಿ ಯಾರೂ ನೇಗಿಲು ತಾಕಿಸುವುದಿಲ್ಲ. ಕೈಯಿಂದ ನಾಟಿ ಮಾಡುತ್ತಾರೆ, ಅಷ್ಟೇ. ಅದೊಂದು ತುಂಡು ಬಿಟ್ಟು ಉಳಿದ ಗದ್ದೆಯನ್ನೆಲ್ಲ ನಾಲ್ಕು ದಿನದ ಹಿಂದೆ ಟ್ರ್ಯಾಕ್ಟರ್ ಮಗುಚಿ ಹಾಕಿತ್ತು. ಟ್ರ್ಯಾಕ್ಟರ್ ಕರೆಸಿದವಳು ಸೇಬತಿಯೇ.

ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಹೇಳುವುದಕ್ಕೇನೂ ಇರಲಿಲ್ಲ. ಸೇಬತಿ ನದಿಯಾಚೆಯ ಭತ್ತದ ಸಂಶೋಧನಾ ಕೇಂದ್ರದಲ್ಲಿ ಹತ್ತೊಂಬತ್ತು ವರ್ಷದಿಂದ ದುಡಿಯುತ್ತಿದ್ದವಳು. ಸಿಮೆಂಟಿನ ತೊಟ್ಟಿಗಳಲ್ಲಿ ಸಸಿ ನೆಡುವುದು, ತುದಿ ಕಾಣದಷ್ಟು ನೀರು ತುಂಬಿ ಎರಡು ವಾರ ಮುಳುಗಿಸಿಡುವುದು, ಕೊನೆಗೆ ಬದುಕಿದ್ದೆಷ್ಟು ಸತ್ತದ್ದೆಷ್ಟು ಎಂದು ಎಣಿಸುವುದು ಅವಳ ಕೆಲಸ. ಓದು ಮೂರನೆಯ ಇಯತ್ತೆಗೇ ನಿಂತಿದ್ದರೂ, ನೀರಿನೊಳಗೆ ಉಸಿರು ಸಿಗದಾಗ ಭತ್ತ ಏನು ಮಾಡುತ್ತದೆ ಎಂಬುದನ್ನು ಅವಳು ಬಾಯಿಪಾಠದಂತೆ ಹೇಳುತ್ತಿದ್ದಳು. ಸಾಮಾನ್ಯ ಭತ್ತ ಗಾಳಿ ಹುಡುಕಿಕೊಂಡು ಮೇಲಕ್ಕೆ ಚಾಚಿ, ಕೂಡಿಟ್ಟ ಸಕ್ಕರೆಯನ್ನೆಲ್ಲ ಕರಗಿಸಿಕೊಂಡು, ನೀರು ಇಳಿದಾಗ ಬಿದ್ದು ಸಾಯುತ್ತದೆ. ಕೇಂದ್ರದ ಭತ್ತದಲ್ಲಿ ಒಂದು ಜೀನ್ ಇದೆ. ನೀರು ತಲೆ ಮುಚ್ಚಿದೊಡನೆ ಅದು ಎಚ್ಚರಗೊಂಡು, ಬೆಳೆಯಲು ಹೇಳುವ ಉಳಿದ ಜೀನುಗಳ ಬಾಯಿ ಮುಚ್ಚಿಸುತ್ತದೆ. ಗಿಡ ಬೆಳೆಯದೆ, ಖರ್ಚು ಮಾಡದೆ ಬಿದ್ದುಕೊಂಡಿರುತ್ತದೆ. ಸೇಬತಿಯ ಮಾತು ನಂಬಿಯೇ ಆ ಸಾಲಿನ ಐದು ಮನೆಯವರು ಈ ಬಾರಿ ಅದೇ ಬೀಜ ಹಾಕಿದ್ದರು.

ಭಾದ್ರಪದದಲ್ಲಿ ನದಿ ಉಕ್ಕಿ ಹನ್ನೊಂದು ದಿನ ನೀರು ನಿಂತಿತು. ಎತ್ತರದಲ್ಲಿದ್ದ ಸೇಬತಿಯ ಗದ್ದೆಯಿಂದ ಮೊದಲು ಇಳಿಯಿತು. ಮೂರನೆಯ ದಿನ ಅವಳು ಹೋಗಿ ನೋಡಿದರೆ ಪೈರೆಲ್ಲ ಕಂದು ಲೋಳೆಯಾಗಿ ಕೆಸರಿಗೆ ಅಂಟಿತ್ತು. ಹಿಡಿದ ಗರಿ ಕೈಯಲ್ಲೇ ಜಾರಿ ಬಂತು. ನಾತ ಮೂಗಿಗೆ ಹೊಡೆಯಿತು. ಪೈರು ಸತ್ತರೆ ಕೆಸರು ಆರುವ ಮೊದಲೇ ಉತ್ತು ಹಿಂಗಾರಿನ ಸಸಿ ನೆಡುವುದು ಅಲ್ಲಿಯ ರೂಢಿ. ಊರೆಲ್ಲ ಅವಳ ಮುಖವನ್ನೇ ನೋಡುತ್ತಿತ್ತು. "ಸತ್ತಿದೆ," ಎಂದಳು.

ಈಗ ಕೆಸರಿನಲ್ಲಿ ಕುಳಿತೇ ಅವಳು ಕೇಂದ್ರದ ವಿಜ್ಞಾನಿ ಲೋಪಾಮುದ್ರಾ ಮಹಾಂತಿಗೆ ಫೋನ್ ಮಾಡಿದಳು.

"ಮೇಡಂ, ಉತ್ಬಿಟ್ಟೆ."

"ಏನನ್ನ?"

"ಗದ್ದೆನ. ಸತ್ತೋಗಿದೆ ಅಂತ. ಈಗ ಸುಳಿ ಬಂದಿದೆ."

"ನೀರು ಇಳಿದು ಎಷ್ಟು ದಿನಕ್ಕೆ ಉತ್ತೆ?"

"ಮೂರು."

"ಸೇಬತಿ, ತೊಟ್ಟಿ ಬಸಿದ ಮೇಲೆ ಹದಿನಾಲ್ಕು ದಿನ ಬಿಟ್ಟು ಎಣಿಸ್ತೀವಲ್ಲ, ಯಾಕೆ ಅಂದ್ಕೊಂಡಿದ್ದೆ?"

"ನಿಮಗೆ ಬೇರೆ ಕೆಲಸ ಇರುತ್ತೆ ಅಂತ."

ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ತೊಟ್ಟಿ ಬಸಿಯುವವನು ಪಂಪಿನವನು. ಬಸಿದ ಮೇಲೆ ಬಲೆ ಹೊದಿಸಿ ಬೀಗ ಹಾಕುತ್ತಿದ್ದರು. ಹೆಂಗಸರನ್ನು ಸಸಿಮಡಿಗೆ ಕಳಿಸುತ್ತಿದ್ದರು. ಹತ್ತೊಂಬತ್ತು ವರ್ಷದಲ್ಲಿ ಅವಳು ನೋಡಿದ್ದು ಮುಳುಗುವ ಮುಂಚಿನ ಹಸಿರು, ಎಣಿಸುವ ದಿನದ ಹಸಿರು. ನಡುವಿನ ಕಂದು ಬಣ್ಣವನ್ನು ಒಮ್ಮೆಯೂ ನೋಡಿರಲಿಲ್ಲ. ನೋಡಿಲ್ಲ ಎಂಬುದೂ ಅವಳಿಗೆ ಗೊತ್ತಿರಲಿಲ್ಲ.

"ಬೇರೆಯವರ ಗದ್ದೆಗಳು?" ಎಂದರು ಮೇಡಂ.

ತಗ್ಗಿನ ಕಡೆಯಿಂದ ಟ್ರ್ಯಾಕ್ಟರಿನ ಸದ್ದು ಬರುತ್ತಿತ್ತು. ಸೇಬತಿ ಕಿತ್ತ ಬುಡವನ್ನು ಹಿಡಿದುಕೊಂಡೇ ಓಡಿದಳು.

ಎರಡು ಗದ್ದೆ ಆಗಲೇ ಮಗುಚಿ ಹೋಗಿದ್ದವು. ಚಾಲಕ ಬಟ ಮೂರನೆಯದರ ಬದುವಿನ ಮೇಲೆ ಗಾಲಿ ಏರಿಸುತ್ತಿದ್ದ. ಅದು ಅವಳ ಗಂಡನ ದಾಯಾದಿ ಅಣ್ಣನ ಹೆಂಡತಿ ಜೇಮಾಳ ಗದ್ದೆ. ಅಲ್ಲಿ ನೀರು ಇಳಿದು ಇನ್ನೂ ನಾಲ್ಕೇ ದಿನ. ಎಲ್ಲಿ ನೋಡಿದರೂ ಕಂದು.

"ನಿಲ್ಸು! ಅತ್ತಿಗೆ, ನಿಲ್ಸೋಕೆ ಹೇಳು. ಬದುಕಿದೆ."

ಜೇಮಾ ಸೊಂಟಕ್ಕೆ ಕೈಯಿಟ್ಟಳು. "ಮೊನ್ನೆ ಹೆಣ ಅಂದೆ, ಇವತ್ತು ಬಾಣಂತಿ ಅಂತೀಯ. ಭತ್ತ ಕೊಳೆತಿದ್ಯೋ ನಿನ್ನ ತಲೆ ಕೊಳೆತಿದ್ಯೋ?"

"ನನ್ನ ತಲೆನೇ. ನೋಡು ಇಲ್ಲಿ, ದೇವಿ ಕಲ್ಲಿನ ಹತ್ರದ್ದು." ಬುಡವನ್ನು ಅವಳ ಕೈಗೆ ತುರುಕಿ, ಸೇಬತಿ ಜೇಮಾಳ ಗದ್ದೆಗೆ ಇಳಿದು ಇನ್ನೊಂದು ಕಿತ್ತಳು, ಉಗುರಿನಿಂದ ಲೋಳೆ ಸುಲಿದಳು. "ಹಿಸುಕು. ಮೆತ್ತಗಿದ್ಯಾ?"

ಜೇಮಾ ಹಿಸುಕಿದಳು. ಮೆತ್ತಗಿರಲಿಲ್ಲ. "ಮತ್ತೆ ಯಾಕೆ ಹಿಂಗೆ ಬಿದ್ಕೊಂಡಿದೆ?"

"ಶಕ್ತಿ ಉಳಿಸ್ಕೊಂಡು ಬಿದ್ಕೊಳ್ಳೋ ಜಾತಿ ಅದು."

"ಹಂಗಾದ್ರೆ ನಮ್ಮನೆಯವ್ರ ಜಾತಿ. ಮೂವತ್ತು ವರ್ಷ ಕಾದೆ, ಇನ್ನೂ ಎದ್ದಿಲ್ಲ."

ಬಟ ನಕ್ಕ. ಜೇಮಾ ನಗಲಿಲ್ಲ. "ಇವನನ್ನ ವಾಪಸ್ ಕಳ್ಸಿದ್ರೆ ಮತ್ತೆ ಬರೋದು ಹದಿನೈದು ದಿನಕ್ಕೆ. ಅಷ್ಟರಲ್ಲಿ ಸಸಿ ನೆಡೋ ಹೊತ್ತು ಮೀರುತ್ತೆ. ಇದೂ ಏಳ್ಲಿಲ್ಲ ಅಂದ್ರೆ ನನ್ನ ಮನೆಗೆ ನೀರಲ್ಲಿ ನೆನೆಸೋ ಪಖಾಳಕ್ಕೂ ಅನ್ನ ಎಲ್ಲಿಂದ? ನಿನ್ನ ಗದ್ದೆಯಿಂದ ಕೊಡ್ತೀಯಾ?"

"ನನ್ನ ಗದ್ದೇಲಿ ಏನೂ ಇಲ್ಲ, ಅತ್ತಿಗೆ," ಎಂದಳು ಸೇಬತಿ. "ಜೀವ ಇದ್ದದ್ದನ್ನ ನಾನೇ ಹೂತೆ. ಅದಕ್ಕೇ ಹೇಳ್ತಿರೋದು."

ಜೇಮಾ ಅವಳನ್ನು ದಿಟ್ಟಿಸಿದಳು. ಗುಟ್ಟಾಗಿ ಇಟ್ಟುಕೊಳ್ಳಬಹುದಾದ ತಪ್ಪನ್ನು ಒಬ್ಬಳು ಬದುವಿನ ಮೇಲೆ ನಿಂತು ಕೂಗಿ ಹೇಳುವುದನ್ನು ಅವಳು ಎಂದೂ ಕಂಡವಳಲ್ಲ. ಆಮೇಲೆ ಬಟನ ಕಡೆ ಕೈ ಬೀಸಿದಳು. ಯಂತ್ರ ನಿಂತಿತು.

ಜೇಮಾಳ ಗದ್ದೆಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೈರು ಎದ್ದಿತು. ಅದರಾಚೆಯ ಎರಡು ಗದ್ದೆಗಳಲ್ಲೂ ಹೆಚ್ಚುಕಡಿಮೆ ಅಷ್ಟೇ. ಸೇಬತಿಯದೂ ಸೇರಿ ಉತ್ತ ಮೂರು ಗದ್ದೆಗಳಲ್ಲಿ ತಡವಾಗಿ ನೆಟ್ಟ ಸಸಿಗಳು ಚಳಿಗೆ ಸಿಕ್ಕಿ ಜೊಳ್ಳಾದವು. ಅವಳ ಮಾತು ಕೇಳಿ ಉತ್ತಿದ್ದ ಇಬ್ಬರು ನೆರೆಯವರು ಸೇಬತಿಯೊಡನೆ ಮಾತು ಬಿಟ್ಟರು. ಅವಳು ಅವರದು ತಪ್ಪೆನ್ನಲಿಲ್ಲ.

ಮಾರ್ಗಶಿರದಲ್ಲಿ ಜೇಮಾಳ ಗದ್ದೆಗೆ ಅವಳು ಕುಡುಗೋಲು ಹಿಡಿದು ಕೂಲಿಗೆ ಹೋದಳು. ಕೂಲಿಯ ಪಾಲು ಹತ್ತು ಸಿವುಡಿಗೆ ಒಂದು. ಜೇಮಾ ಒಂದು ಸಿವುಡನ್ನೂ ಹೆಚ್ಚು ಕೊಡಲಿಲ್ಲ. ಸೇಬತಿ ಕೇಳಲೂ ಇಲ್ಲ.