ಕಲಕಿದ ಪಾತ್ರೆ

ಗ್ವಾವ್ ಎಂಬ ದ್ವೀಪದೂರಿನ ಕಡಲ ದಂಡೆಯಲ್ಲಿ ಯೂಡೋರಾಳ ದನಿ ಕೇಳದವರಿಲ್ಲ. ತಾಯಿ ಸತ್ತ ವರ್ಷವೇ ಮೀನಿನ ತಟ್ಟೆ ತಲೆಗೇರಿಸಿದವಳು. ಕೂಗಿ ಕೂಗಿ ಗಂಟಲು ಒರಟಾಯಿತು, ಕೈಗೆ ಅಂಟಿದ ವಾಸನೆ ಮದುವೆಯ ದಿನವೂ ಹೋಗಲಿಲ್ಲ. ಆ ತಟ್ಟೆಯೇ ತಂಗಿ ಥೆಲ್ಮಾಳನ್ನು ಓದಿಸಿತು. ಥೆಲ್ಮಾ ಈಗ ಸುತ್ತಲಿನ ಸಣ್ಣ ದ್ವೀಪ ದೇಶಗಳ ಒಕ್ಕೂಟದ ರಾಯಭಾರಿ. ದೂರದ ದೊಡ್ಡ ದೇಶಗಳ ಸಭೆಗಳಲ್ಲಿ ಅವರೆಲ್ಲರ ಪರವಾಗಿ ಒಬ್ಬಳೇ ಎದ್ದು ಮಾತಾಡುವವಳು.

"ದ್ವೀಪಗಳಿಗೆಲ್ಲ ನನ್ ತಂಗೀನೇ ಬಾಯಿ" ಎಂದು ಯೂಡೋರಾ ಮೀನು ಕೊಳ್ಳಲು ಬಂದವರಿಗೆಲ್ಲ ಹೇಳುತ್ತಿದ್ದಳು. ಕೇಳದವರಿಗೂ ಹೇಳುತ್ತಿದ್ದಳು.

ಅಂಥವಳ ಮಗ ಆಲ್ಬನ್, ಹಾರುಮೀನಿನ ಬೆನ್ನು ಹತ್ತಿ ಪಕ್ಕದ ದ್ವೀಪದ ನೀರಿಗೆ ನುಗ್ಗಿಬಿಟ್ಟ. ಆ ದ್ವೀಪವೂ ಒಕ್ಕೂಟದ್ದೇ. ಅಲ್ಲಿನ ಕಾವಲಿನವರು ದೋಣಿಯ ಸಮೇತ ಅವನನ್ನು ಹಿಡಿದು ಒಳಗೆ ಹಾಕಿದರು.

ಅದೇ ವಾರ ಥೆಲ್ಮಾ ರಜೆಗೆ ಬಂದಳು. ಭಾನುವಾರ ಅಂಗಳದಲ್ಲಿ ನೆರೆಯವರೆಲ್ಲ ಸೇರಿ ಒಂದೇ ಪಾತ್ರೆಯಲ್ಲಿ ಮಾಡುವ ಆಯಿಲ್ ಡೌನ್ ಅಡುಗೆ ಇಟ್ಟರು. ಒಬ್ಬರು ದೀವಿಹಲಸು ತಂದರು, ಒಬ್ಬರು ಉಪ್ಪುಮಾಂಸ, ಇನ್ನೊಬ್ಬರು ಕೆಸುವಿನೆಲೆ. ಒಂದರ ಮೇಲೊಂದು ಜೋಡಿಸಿ, ಅರಿಶಿನ ಬೆರೆಸಿದ ತೆಂಗಿನ ಹಾಲು ಸುರಿದು, ಮುಚ್ಚಿಟ್ಟರೆ ಮುಗಿಯಿತು. ಹಾಲು ಇಂಗಿ ಎಣ್ಣೆ ಬಿಡುವವರೆಗೆ ಯಾರೂ ಸೌಟು ಹಾಕುವಂತಿಲ್ಲ.

ಯೂಡೋರಾ ಒಲೆಯ ಮುಂದೆ ನಿಂತು ಕೇಳಿದಳು: "ಒಂದ್ ಫೋನ್ ಮಾಡೇ. ನಿನ್ ಮಾತು ಅವ್ರು ತೆಗೆದುಹಾಕಲ್ಲ."

"ಅದಕ್ಕೇ ಮಾಡಲ್ಲ ಅಕ್ಕ. ಬರೋ ತಿಂಗಳು ಅವರ ಮೀನಿನ ಹಕ್ಕಿನ ಪರವಾಗೂ ನಾನೇ ಮಾತಾಡ್ಬೇಕು. ನಮ್ಮನೆ ಹುಡುಗನ್ನ ಬಿಡಿಸ್ಕೊಂಡ್ ಬಂದ್ರೆ, ಆಮೇಲೆ ನನ್ನ ಯಾರು ನಂಬ್ತಾರೆ?"

"ನಿನ್ನ ಓದ್ಸಿದ್ದು ಇದಕ್ಕೇನೇ? ಊರವರಿಗೆಲ್ಲ ಬಾಯಿ, ನನಗೆ ಮಾತ್ರ ಮೂಕಿ!"

ಸಿಟ್ಟಿನಲ್ಲಿ ಮುಚ್ಚಳ ಎತ್ತೆಸೆದು, ಸೌಟು ಹಾಕಿ ಗರಗರ ತಿರುಗಿಸಿಬಿಟ್ಟಳು. ಪಕ್ಕದ ಮನೆಯ ಮುದುಕ ಕಾಸ್ಮಸ್ ತಲೆಯ ಮೇಲೆ ಕೈಯಿಟ್ಟುಕೊಂಡ. "ಅಯ್ಯೋ ಮಾರಾಯ್ತಿ, ಆಯಿಲ್ ಡೌನ್ ಕಲಕ್ತಾರೇನೇ? ನನ್ ದೀವಿಹಲಸು ಹಿಟ್ಟಾಯ್ತು!"

ಯಾರೂ ಬಡಿಸಿಕೊಳ್ಳಲಿಲ್ಲ. ಥೆಲ್ಮಾ ಮಾತ್ರ ಬಟ್ಟಲು ತಂದು, ಆ ಮುದ್ದೆಯನ್ನು ತುಂಬಿಸಿಕೊಂಡು ತಿಂದಳು. ತಿಂದು ಮುಗಿಸಿ ಹೇಳಿದಳು: "ಫೋನ್ ಮಾಡಲ್ಲ. ಆದ್ರೆ ನಾಳೆ ನಿನ್ ಜೊತೆ ಠಾಣೆಗೆ ಬರ್ತೀನಿ. ಚಿಕ್ಕಮ್ಮ ಬರಬಾರ್ದು ಅಂತ ಯಾವ ಒಕ್ಕೂಟಾನೂ ಹೇಳಿಲ್ಲ."

ಥೆಲ್ಮಾಳ ಬಾವುಟದ ಸರಕಾರಿ ಕಾರು ಮನೆಯ ಮುಂದೆಯೇ ಉಳಿಯಿತು. ಇಬ್ಬರೂ ಊರ ಜನ ಓಡಾಡುವ ದೋಣಿಯಲ್ಲೇ ಪಕ್ಕದ ದ್ವೀಪಕ್ಕೆ ಹೋದರು. ಥೆಲ್ಮಾ ಅಕ್ಕನ ಹಳೆಯ ಹ್ಯಾಟು ಹಾಕಿಕೊಂಡಿದ್ದಳು, ದಾರಿಯುದ್ದಕ್ಕೂ ವಾಂತಿ ಮಾಡಿದಳು. ಯೂಡೋರಾ ಬೈಯುತ್ತಲೇ ಅವಳ ಬೆನ್ನು ನೀವಿದಳು.

ಬಂದರಿನ ಠಾಣೆಯಲ್ಲಿ ಮುರುಕು ಬೆಂಚು. ಆಲ್ಬನ್‌ನಂತೆಯೇ ಸಿಕ್ಕಿಬಿದ್ದ ಉಳಿದ ಹುಡುಗರ ತಾಯಂದಿರ ಜೊತೆ ಕೂತರು. ಮಧ್ಯಾಹ್ನ ಒಬ್ಬ ಅಧಿಕಾರಿ ಹಾದು ಹೋದವನು ತಿರುಗಿ ಬಂದು, ಹ್ಯಾಟಿನ ಕೆಳಗಿನ ಮುಖವನ್ನು ದಿಟ್ಟಿಸಿದ.

"ಏನಮ್ಮಾ, ಇವರು ಒಕ್ಕೂಟದ ರಾಯಭಾರಿ ಅಲ್ವಾ? ಟಿವಿಯಲ್ಲಿ ನೋಡಿದ ಹಾಗಿದೆ."

ಥೆಲ್ಮಾ ತಲೆ ಎತ್ತಲಿಲ್ಲ. ಅವನು ಕೇಳಿದ್ದು ಯೂಡೋರಾಳನ್ನು. ಹೌದು ಎಂದರೆ ಸಾಕು, ಒಳಗೆ ಕುರ್ಚಿ, ಚಹಾ, ಸಂಜೆಯೊಳಗೆ ಮಗ, ದೋಣಿ. ಜೀವಮಾನವೆಲ್ಲ ಕೂಗಿ ಹೇಳಿದ ಮಾತು ನಾಲಿಗೆಯ ತುದಿಗೆ ಬಂತು. ಪಕ್ಕದಲ್ಲಿ ತಂಗಿಯ ಕೈ ಬೆವರಿ ತಣ್ಣಗಿತ್ತು. ಚಿಕ್ಕವಳಿದ್ದಾಗ ಪರೀಕ್ಷೆಯ ದಿನ ಹೀಗೇ ಇರುತ್ತಿತ್ತು.

"ಯಾವ ರಾಯಭಾರಿ ಸ್ವಾಮಿ? ನನ್ ತಂಗಿ. ಮೀನಿನ ಹುರುಪೆ ತೆಗೆಯೋಕೂ ಬರಲ್ಲ ಇವಳಿಗೆ" ಅಂದಳು ಯೂಡೋರಾ.

ಅಧಿಕಾರಿ ನಕ್ಕು ಹೊರಟುಹೋದ.

ಇಳಿಹೊತ್ತಿಗೆ ಎಲ್ಲ ಹುಡುಗರಿಗೂ ಎಚ್ಚರಿಕೆ ಕೊಟ್ಟು ಹೊರಗೆ ಬಿಟ್ಟರು. ದೋಣಿಗಳನ್ನು ಮಾತ್ರ ವಿಚಾರಣೆ ಮುಗಿಯುವವರೆಗೆ ಅಲ್ಲೇ ಉಳಿಸಿಕೊಂಡರು. ಆಲ್ಬನ್ ಹೊರಗೆ ಬಂದು ಚಿಕ್ಕಮ್ಮನನ್ನು ಕಂಡವನೇ ಕೇಳಿದ: "ಫೋನ್ ಮಾಡಿದ್ರಾ ಚಿಕ್ಕಮ್ಮ?"

"ಬೆಂಚಿನ ಮೇಲೆ ಕೂತಿದ್ಲು" ಎಂದಳು ಯೂಡೋರಾ. "ನಡಿ, ದೋಣಿ ಹತ್ತು. ಅವಳ ಪಕ್ಕ ಕೂರ್ಬೇಡ, ವಾಂತಿ ಮಾಡ್ತಾಳೆ. ನಾನೇ ಕೂರ್ತೀನಿ."