ಖಂಡೇಪೂಜೆಯ ದಿನ ರಜೆ ಪಡೆದ ಪೆಟ್ಟಿಗೆ

ಕೂಕಟ್‌ಪಲ್ಲಿಯ ನಮ್ಮ ಫ್ಲ್ಯಾಟಿನಲ್ಲಿ ದೇವರ ಗೂಡಿನ ಕೆಳಗೆ ಒಂದು ಕರಿಯ ಪೆಟ್ಟಿಗೆ ಇದೆ, ರೊಟ್ಟಿ ಡಬ್ಬಿಗಿಂತ ಚಿಕ್ಕದು. ಇನ್ವರ್ಟರಿನ ಪ್ಲಗ್ ಇರುವುದು ಅಲ್ಲೊಂದೇ ಕಡೆ, ಹಾಗಾಗಿ ದೇವರ ಸಹವಾಸ ಅದಕ್ಕೆ ತಾನಾಗಿ ಒದಗಿತು. ಬಿಟ್‌ಕಾಯಿನ್‌ನಲ್ಲಿ ಚಿಲ್ಲರೆ ಮೊತ್ತ ಕಳಿಸುವವರು, ನೇರ ದಾರಿ ಇಲ್ಲದಾಗ, ನನ್ನಂಥವರ ಪೆಟ್ಟಿಗೆಗಳ ಮೂಲಕ ಅದನ್ನು ದಾಟಿಸುತ್ತಾರೆ. ಇದಕ್ಕೆ ನೋಡ್ ಎನ್ನುತ್ತಾರೆ. ದಾಟಿಸಿದ್ದಕ್ಕೆ ನನಗೊಂದಿಷ್ಟು ಕೂಲಿ. ಒಂದಿಷ್ಟು ಎಂದರೆ ಬಹಳ ಸಲ ಪೈಸೆಯೂ ಅಲ್ಲ, ಅದರ ಚೂರು.

ಈ ಚೂರಿಗಾಗಿ ನನ್ನ ಉಳಿತಾಯದ ಒಂದು ಪಾಲು ಆ ದಾರಿಗಳಲ್ಲಿ ಸಿಕ್ಕಿಕೊಂಡಿರಬೇಕು. ದಾರಿಗೆ ಚಾನೆಲ್ ಎಂದು ಹೆಸರು. ನನ್ನವು ಮೂರಿದ್ದವು. ದೊಡ್ಡದು ಯಾವ ದೇಶದವನೋ ಗೊತ್ತಿಲ್ಲದ ಒಬ್ಬನ ಜೊತೆ, ಇನ್ನೊಂದು ಅಂಥದೇ ಮತ್ತೊಬ್ಬನ ಜೊತೆ, ಮೂರನೆಯದು ಉಪ್ಪಲ್‌ನಲ್ಲಿರುವ ಬೀದರ ಕಡೆಯ ಗೆಳೆಯನ ಜೊತೆ. ಶುರುವಿನಲ್ಲಿ ನಾನು ಸಾಹುಕಾರನಾಗುವ ಹುಮ್ಮಸ್ಸಿನಲ್ಲೇ ಇದ್ದೆ. ಕೂಲಿ ಏರಿಸಿದರೆ ಜನ ಬೇರೆ ದಾರಿ ಹಿಡಿದರು. ಇಳಿಸಿದರೆ ನುಗ್ಗಿ ಬಂದು ನನ್ನ ಹಣವನ್ನೆಲ್ಲ ಚಾನೆಲ್ಲಿನ ಆಚೆ ದಂಡೆಗೆ ತಳ್ಳಿ ಹೋದರು, ಅದನ್ನು ಈಚೆ ದಂಡೆಗೆ ತರಲು ನಾನೇ ಇನ್ನೊಬ್ಬರಿಗೆ ಕೂಲಿ ಕೊಡಬೇಕಾಯಿತು. ಆದರೂ ಬೆಳಿಗ್ಗೆ ಚಹಾ ಕುಡಿಯುತ್ತ, ಯಾರದೋ ಹಣ ಸುರಕ್ಷಿತವಾಗಿ ದಾಟಿದೆ ಎಂದು ಫೋನಿನಲ್ಲಿ ನೋಡುವುದು ನನಗೆ ಖುಷಿ ಕೊಡುತ್ತಿತ್ತು. ಈ ಖುಷಿಯನ್ನು ಯಾರ ಮುಂದೆ ಹೇಳಿದರೂ ಅವರು ನನ್ನ ಮುಖ ನೋಡುತ್ತಿದ್ದರು.

ನನ್ನ ಹೆಂಡತಿ ಶಾಲೆಯಲ್ಲಿ ಗಣಿತ ಕಲಿಸುವವಳು. ಅಷ್ಟರಲ್ಲಿ ನಮ್ಮ ವಾಷಿಂಗ್ ಮಷೀನ್ ಕೆಟ್ಟು ಕೂತಿತ್ತು, ಬೆಡ್‌ಶೀಟ್ ಹಿಂಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅವಳು ಒಂದು ಭಾನುವಾರ ತೀರ್ಪು ಕೊಟ್ಟಳು.

“ದಸರಾತನಕ ನೋಡೂಣ್ರಿ. ತನ್ನ ಕರೆಂಟಿನ ರೊಕ್ಕ ತಾ ದುಡಕೊಂಡ್ರ ಇರ್ಲಿ. ಇಲ್ಲಾಂದ್ರ ಬಂದ್ ಮಾಡಿ, ಅದರಾಗಿನ ರೊಕ್ಕ ತಗದು ಮಷೀನ್ ತರೂಣ.”

ನಾನು ಒಪ್ಪಿಕೊಂಡೆ. ಒಪ್ಪಿಕೊಳ್ಳುವಾಗಲೇ ಸೋಲುವುದು ಗೊತ್ತಿತ್ತು, ಪೆಟ್ಟಿಗೆಯ ಮೇಲಿನ ಆಸೆ ಮಾತ್ರ ಹೋಗಲಿಲ್ಲ.

ಹಬ್ಬಕ್ಕೆಂದು ಕಲಬುರಗಿಯಿಂದ ಅವ್ವ ಬಂದಳು. ಪೆಟ್ಟಿಗೆ ನೋಡಿ ಇದೇನು ಎಂದು ಕೇಳಿದಳು. ನಾನು ಉದ್ದಕ್ಕೆ ವಿವರಿಸಿದೆ. ಅವಳು ತಾಳ್ಮೆಯಿಂದ ಕೇಳಿ, “ನಿಮ್ಮ ಅಪ್ಪಾರು ಬ್ಯಾಸಗ್ಯಾಗ ಬಾಗಲ ಮುಂದ ನೀರಿನ ಗಡಗಿ ಇಡ್ತಿದ್ರಲ್ಲ, ಹಂಗೇನು?” ಎಂದಳು.

“ಹಂಗ ಅವ್ವ. ಆದ್ರ ಕುಡದವ್ರು ಒಂದ್ ಹನಿ ಬಿಟ್ಟು ಹೋಗ್ತಾರ.”

“ಹಂಗಾರ ಛಲೋನ ಐತಿ,” ಎಂದು ಅವ್ವ ಶೇಂಗಾ ಬಿಡಿಸತೊಡಗಿದಳು.

ನವಮಿಯ ದಿನ ನಾನು ಮೆಹದಿಪಟ್ಟಣದಿಂದ ಹೂ ಹಣ್ಣು ತಂದು ಒಳಗೆ ಬಂದರೆ, ಪೆಟ್ಟಿಗೆಯ ದೀಪ ಆರಿತ್ತು. ಹಣೆಗೆ ಎಂಬಂತೆ ಕುಂಕುಮ, ಮೇಲೊಂದು ಚೆಂಡುಹೂ. ಪಕ್ಕದಲ್ಲಿ ಈಳಿಗೆ, ಕತ್ತರಿ, ನನ್ನ ಸ್ಕ್ರೂಡ್ರೈವರ್.

“ಖಂಡೇಪೂಜಿ ಐತಿ ತಮ್ಮಾ. ವರ್ಷಪೂರ್ತಿ ದುಡಿತೈತಿ, ಇದಕ್ಕೂ ಒಂದಿನ ರಜಾ ಇರ್ಲಿ,” ಎಂದಳು ಅವ್ವ. ಆಯುಧಪೂಜೆಯ ನಿಯಮದಂತೆ ನಾಳೆ ಬನ್ನಿ ಮುಡಿಯುವವರೆಗೆ ಪೂಜೆಯ ವಸ್ತುವನ್ನು ಮುಟ್ಟುವಂತಿಲ್ಲ.

ಪೆಟ್ಟಿಗೆ ಉತ್ತರ ಕೊಡದಿದ್ದರೆ ಆಚೆಯವರು ಬೇಸತ್ತು ಚಾನೆಲ್ ಮುಚ್ಚಬಹುದು. ಉಪ್ಪಲ್ ಗೆಳೆಯನಿಗೆ ಫೋನ್ ಮಾಡಿ, ನಮ್ಮ ಅವ್ವ ಹೀಗೆ ಮಾಡಿದಳು, ನಿನ್ನ ಪೆಟ್ಟಿಗೆಯಾದರೂ ನಡೆಯುತ್ತಿದೆಯೇ ಎಂದು ಕೇಳಿದೆ.

“ನಂದೂ ಬಂದ್ ಐತಿ ಮಾರಾಯ. ನಾನ ಕುಂಕುಮ ಹಚ್ಚೀನಿ,” ಎಂದ ಅವನು.

ದಶಮಿಯ ಸಂಜೆ ಕಾಲೊನಿಯವರೆಲ್ಲ ಸೇರಿ ಬನ್ನಿ ಎಲೆಯನ್ನು ಬಂಗಾರವೆಂದು ಹಂಚಿಕೊಂಡೆವು. ತೆಲುಗಿನವರು ಅದನ್ನು ಜಮ್ಮಿ ಎಂದು ಕೊಟ್ಟರು. ಮನೆಗೆ ಬಂದು ಸ್ವಿಚ್ ಹಾಕಿದೆ. ನೋಡಿದರೆ ದೊಡ್ಡ ಚಾನೆಲ್ ಮುಚ್ಚಿಹೋಗಿತ್ತು. ಆ ಅಪರಿಚಿತನಿಗೆ ಖಂಡೇಪೂಜೆ ಹೇಗೆ ಗೊತ್ತಿರಬೇಕು? ನನ್ನ ಪಾಲಿನ ಹಣ ಇದ್ದಷ್ಟೂ ನನ್ನ ವಾಲೆಟ್ಟಿಗೆ ಮರಳಿತ್ತು. ತೆಗೆಯಲು ನನಗೆ ಮನಸ್ಸೇ ಬಾರದಿದ್ದ ಹಣವನ್ನು ಅವನೇ ತೆಗೆದು ಕೈಗಿತ್ತಿದ್ದ. ಬೇಜಾರಾಯಿತು, ನಗುವೂ ಬಂತು.

ಭುಜದ ಹಿಂದಿನಿಂದ ಇಣುಕಿದ ಹೆಂಡತಿ, “ತೆರಿಗಿ ಕಟ್ಟಿದ್ರೂ ಮಷೀನಿಗೆ ಸಾಕಾಗ್ತೈತ್ರಿ,” ಎಂದಳು. ಗೆದ್ದೆನೆಂದು ಒಂದು ಮಾತನ್ನೂ ಆಡಲಿಲ್ಲ. ಅದೇ ನನಗೆ ಕಷ್ಟವಾಯಿತು. ಪೆಟ್ಟಿಗೆ ತನ್ನ ಕರೆಂಟಿನ ಕಾಲುಭಾಗವನ್ನೂ ದುಡಿದಿರಲಿಲ್ಲ, ಮಾತು ಮಾತೇ. ಪ್ಲಗ್ ಕೀಳಲು ಬಗ್ಗಿದೆ.

ಆಗ ಫೋನಿನಲ್ಲಿ ಸಣ್ಣ ಸದ್ದಾಯಿತು. ಉಳಿದ ಎರಡು ಚಾನೆಲ್‌ಗಳ ನಡುವೆ ಯಾರದೋ ಹಣ ದಾಟಿತ್ತು. ಉಪ್ಪಲ್‌ನಲ್ಲಿ ಗೆಳೆಯನೂ ಸ್ವಿಚ್ ಹಾಕಿದ್ದ.

“ಯಾರ್ ಬಂದಿದ್ರು?” ಅವ್ವ ಕೇಳಿದಳು.

“ಗೊತ್ತಾಗೂದಿಲ್ಲ ಅವ್ವ. ಈ ಕಡಿಂದ ಬಂದು ಆ ಕಡಿ ಹೋದ್ರು, ಅಷ್ಟ.”

“ನಿಮ್ಮ ಅಪ್ಪಾರೂ ಯಾರನ್ನೂ ಕೇಳ್ತಿರಲಿಲ್ಲ.”

ಹೆಂಡತಿ ತಾಟಿನಿಂದ ಎರಡು ಬನ್ನಿ ಎಲೆ ತೆಗೆದು ಪೆಟ್ಟಿಗೆಯ ಮೇಲಿಟ್ಟಳು.

“ಬಂಗಾರ ತಗೊಂಡು ಬಂಗಾರದಂಗ ಇರಪಾ,” ಎಂದು ಅದಕ್ಕೆ ಹೇಳಿ, ನನ್ನ ಕೈಯನ್ನು ಪ್ಲಗ್‌ನಿಂದ ಸರಿಸಿದಳು.