ಮುಟ್ಟದೆ ಕೊಟ್ಟ ತೀರ್ಪು

ಕೈಯಲ್ಲಿ ಹಿಡಿದೇ ನೋಡದ ವಸ್ತುವನ್ನು ನೀವು ಎಷ್ಟು ಸಲ ಕೆಟ್ಟದ್ದೆಂದು ಸಾರಿದ್ದೀರಿ?

ನಾನು ಬಲ್ಲ ಒಬ್ಬರು ಈ ವಿದ್ಯೆಯಲ್ಲಿ ಪಾರಂಗತರಾಗಿದ್ದರು. ಪ್ರತಿ ಭಾನುವಾರ ಭದ್ರಾವತಿಯ ಓಲ್ಡ್ ಟೌನಿನಿಂದ ಬಸ್ಸಿನಲ್ಲಿ ಬಂದು, ವಿನೋಬನಗರದ ನಮ್ಮ ವಿಡಿಯೊ ಗೇಮ್ ಅಂಗಡಿಯ ಮೂಲೆಯ ಕುರ್ಚಿಯಲ್ಲಿ ಆಸೀನರಾಗುತ್ತಿದ್ದರು. ಆಟದಲ್ಲಿ ಅವರನ್ನು ಸೋಲಿಸಿದವರಿರಲಿಲ್ಲ. ಆದ್ದರಿಂದ ಹೊಸ ಸಾಮಾನನ್ನು ಮೊದಲು ಮುಟ್ಟುವ ಹಕ್ಕು ಅವರದು. ಅವರು ಮುಟ್ಟದ್ದನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. "ನೋಡಿದ್ರೇ ಗೊತ್ತಾಗುತ್ತೆ" ಎಂಬುದೇ ಅವರ ಸಂವಿಧಾನ.

ಒಮ್ಮೆ ಬಟನ್ನುಗಳೇ ಇಲ್ಲದ, ಎರಡು ಹಿಡಿಗಳ, ಮಣಿಕಟ್ಟು ತಿರುಗಿಸಿ ಆಡುವ ಕಂಟ್ರೋಲರ್ ಬಂತು. "ಮಸ್ತಾಗಿದೆ ಕಣ್ರೋ" ಎಂದರು ಕೆಲವರು. "ಇದ್ರಲ್ಲಿ ಆಡೋದ್ ಹೆಂಗೆ?" ಎಂದರು ಹಲವರು. ಇವರು ಬಂದು, ಕನ್ನಡಕವನ್ನು ಹಣೆಗೇರಿಸಿ ದಿಟ್ಟಿಸಿದರು.

"ಇದೇನ್ ಮಾರಾಯ, ಅಡಕತ್ತರಿ ಇದ್ದಂಗಿದೆ! ವಾಪಸ್ ಕಳ್ಸು."

ಮಸ್ತಾಗಿದೆ ಎಂದವರೇ ಎಲ್ಲರಿಗಿಂತ ಜೋರಾಗಿ ನಕ್ಕರು.

ನಗದವಳು ನನ್ನ ತಂಗಿಯೊಬ್ಬಳೇ. ಹೆಬ್ಬೆರಳು ಮಡಚಿ ಬಟನ್ ಒತ್ತಲಾಗದ ಕಾರಣ ಅವಳು ಅಲ್ಲಿ ಸದಾ ಪ್ರೇಕ್ಷಕಿ. "ಅಣ್ಣ, ಒಂದ್ಸಲ ಹಿಡ್ದು ನೋಡಿ. ಆಮೇಲೆ ನಾನೂ ಆಡ್ತೀನಿ" ಎಂದು ಅವರನ್ನು ಕೇಳಿಕೊಂಡಳು.

"ನೋಡಿದ್ರೇ ಗೊತ್ತಾಗುತ್ತಮ್ಮ."

ಅಂಗಡಿಯವರು ಅದನ್ನು ಮತ್ತೆ ಡಬ್ಬಿಗೆ ಸೇರಿಸಿದರು. ಟೇಪು ಸುತ್ತುವಾಗ ಡಬ್ಬಿಯನ್ನು ಅಲುಗದಂತೆ ಹಿಡಿದುಕೊಂಡವಳು ನನ್ನ ತಂಗಿ. ಅವಳ ಕೈಗೆ ಸಿಕ್ಕಿದ್ದು ಅಷ್ಟೇ.

ನಿಮ್ಮ ಬೀದಿಯ ಅಂಗಡಿಗೆ ಅಂಥದ್ದೊಂದು ಬಂದರೆ, ದಯವಿಟ್ಟು ಮೂಲೆಯ ಕುರ್ಚಿಯನ್ನು ಕೇಳಲು ಹೋಗಬೇಡಿ. ಇಷ್ಟು ದಿನ ಆಡಲಾಗದೆ ಕುಳಿತವರ ಕೈಗೆ ಮೊದಲು ಕೊಡಿ.